ಒಟಿಪಿ ಬೋಟಿನಲ್ಲಿ, ವಿದ್ಯಾರ್ಥಿ ದಡದಲ್ಲಿ

ಭಟ್ಕಳ, ಹೊನ್ನಾವರ, ಕುಮಟಾದ ಹುಡುಗ–ಹುಡುಗಿಯರಿಗೆ ವಿಶ್ವವಿದ್ಯಾಲಯ ಎಂದರೆ ಘಟ್ಟದ ಮೇಲಿರುವ ಯಾವುದೋ ಒಂದು ಊರು. ಹೊನ್ನಾವರದ ಎಸ್‌ಡಿಎಂ ಕಾಲೇಜಿನಲ್ಲೋ ಕುಮಟಾದ ಬಾಳಿಗಾ ಕಾಲೇಜಿನಲ್ಲೋ ಪದವಿ ಓದುವವರಿಗೆ ಅದು ಧಾರವಾಡ. ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಬೆಳಗಾವಿ. ಮೂರು–ನಾಲ್ಕು ವರ್ಷ ಓದಿ, ಆ ವಿಶ್ವವಿದ್ಯಾಲಯದ ಮುದ್ರೆಯಿರುವ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಸೇರಿದರೂ ಅದರ ಗೇಟು ಹೇಗಿದೆ ಎಂದು ನೋಡದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಿಟಿಯು ಹುಟ್ಟಿದ್ದು 1998ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದೂ ಅದೇ ವರ್ಷ. ರೈಲು ಬಂತೆಂದು ಖುಷಿಪಟ್ಟರೂ ಅದು ಕರಾವಳಿಯುದ್ದಕ್ಕೂ ಓಡುತ್ತದೆಯೇ ಹೊರತು ಘಟ್ಟ ಹತ್ತುವುದಿಲ್ಲ. ಧಾರವಾಡಕ್ಕೂ ಬೆಳಗಾವಿಗೂ ನಮಗೆ ಇವತ್ತಿಗೂ ಬಸ್ಸೇ ಗತಿ.

ನಮ್ಮ ಚಿಕ್ಕಮ್ಮ ಬಿ.ಎ. ಮುಗಿಸಿ ಕೆಲವು ವರ್ಷಗಳಾದ ಮೇಲೆ ಅಂಕಪಟ್ಟಿ ಕಳೆದುಕೊಂಡಿದ್ದರು. ದ್ವಿಪ್ರತಿಗಾಗಿ ಧಾರವಾಡಕ್ಕೆ ಎರಡು ಸಲ ಹೋಗಿ ಬಂದ ಕಥೆಯನ್ನು ಈಗಲೂ ಹೇಳುತ್ತಾರೆ. ಕುಮಟಾದಿಂದ ಬಸ್ಸು, ದೇವಿಮನೆ ಘಟ್ಟದಲ್ಲಿ ವಾಂತಿ, ಶಿರಸಿಯಲ್ಲಿ ಚಹಾ, ರಾತ್ರಿ ಹುಬ್ಬಳ್ಳಿಯ ನೆಂಟರ ಮನೆ, ಮರುದಿನ ಬೆಳಿಗ್ಗೆ ಕೌಂಟರ್ ಮುಂದೆ ಸಾಲು. ಇಂದಿನವರಿಗೆ ಆ ಪಾಡಿಲ್ಲ. ಅಂಕಪಟ್ಟಿ ಡಿಜಿಲಾಕರ್‌ಗೆ ಬರುತ್ತದೆ. ಅಲ್ಲಿಂದ ಇಳಿಸಿಕೊಂಡ ಪ್ರತಿಗೆ ಕಾನೂನಿನ ಪ್ರಕಾರ ಮೂಲ ದಾಖಲೆಯಷ್ಟೇ ಬೆಲೆಯಿದೆ. ಚಿಕ್ಕಮ್ಮನಿಗೆ ಇದನ್ನು ತೋರಿಸಿದಾಗ ಅವರು ಫೋನನ್ನು ಒಮ್ಮೆ ಹಿಂದೆ ತಿರುಗಿಸಿ ನೋಡಿದರು, ಅಂಕಪಟ್ಟಿ ಅಲ್ಲೆಲ್ಲೋ ಅಂಟಿಸಿದೆಯೇನೋ ಎಂಬಂತೆ.

ಹೀಗೆ ಘಟ್ಟ ಇಳಿದು ಬಂದದ್ದು ಅಂಕಪಟ್ಟಿ ಮಾತ್ರ ಅಲ್ಲ. ಸಿಇಟಿ ಬರೆದ ಮೇಲೆ ಸೀಟಿನ ಆಯ್ಕೆ ದಾಖಲಿಸುವುದು ಆನ್‌ಲೈನ್‌ನಲ್ಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ. ಪದವಿ ಕಾಲೇಜಿನವರಿಗೆ ಪ್ರವೇಶದಿಂದ ಫಲಿತಾಂಶದವರೆಗೆ 2021ರಲ್ಲಿ ಬಂದ ಯುಯುಸಿಎಂಎಸ್. ವಿಟಿಯು ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಟರ್ನೆಟ್ ಮೂಲಕವೇ ಕಾಲೇಜಿಗೆ ಬಂದು ಅಲ್ಲೇ ಮುದ್ರಣವಾಗುತ್ತದೆ. ನಾವು ಬರೆದ ಉತ್ತರಪತ್ರಿಕೆ ಸ್ಕ್ಯಾನ್ ಆಗಿ ಮೌಲ್ಯಮಾಪಕರ ಕಂಪ್ಯೂಟರ್ ಪರದೆಗೆ ಹೋಗುತ್ತದೆ. ಪ್ರಶ್ನೆಪತ್ರಿಕೆಯ ಬಂಡಲ್ ಹೊತ್ತ ಜೀಪು ಮಳೆಯಲ್ಲಿ ಘಟ್ಟದ ತಿರುವಿನಲ್ಲಿ ಸಿಕ್ಕಿಕೊಳ್ಳುವ ಭಯ ಈಗಿಲ್ಲ. ಇದನ್ನು ಸಣ್ಣ ಸಾಧನೆ ಎನ್ನಲಾರೆ.

ಆದರೆ ಈ ಎಲ್ಲ ಬಾಗಿಲುಗಳಿಗೂ ಬೀಗದ ಕೈ ಒಂದೇ: ಆರು ಅಂಕಿಯ ಒಟಿಪಿ. ಅದು ಬರುವುದು ಅರ್ಜಿ ಹಾಕುವ ವಿದ್ಯಾರ್ಥಿಯ ಫೋನಿಗೆ ಎಂದು ಈ ವ್ಯವಸ್ಥೆ ಕಟ್ಟಿದವರು ನಂಬಿದ್ದಾರೆ. ನಮ್ಮ ಊರುಗಳಲ್ಲಿ ಹಾಗಿಲ್ಲ. ನಮ್ಮ ಆಧಾರ್ ಆದದ್ದು ಮೂರನೆಯ ಕ್ಲಾಸಿನಲ್ಲೋ ನಾಲ್ಕನೆಯ ಕ್ಲಾಸಿನಲ್ಲೋ. ಆಗ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದು ಅಪ್ಪನದು. ಆ ನಂಬರೇ ಆಧಾರ್‌ಗೆ ಸೇರಿತು. ಈಗ ಮಗಳಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಸ್ವಂತ ಫೋನಿದೆ, ಒಟಿಪಿ ಮಾತ್ರ ಅಪ್ಪನಿಗೇ ಹೋಗುತ್ತದೆ.

ಅಪ್ಪ ಎಲ್ಲಿದ್ದಾರೆ? ಭಟ್ಕಳದ ನನ್ನ ಸಹಪಾಠಿಯ ಅಪ್ಪ ದುಬೈನಲ್ಲಿದ್ದಾರೆ. ಭಟ್ಕಳದಲ್ಲಿ ಇದು ಹೊಸ ಮಾತಲ್ಲ, ಒಂದೊಂದು ಓಣಿಯಲ್ಲೂ ಕೊಲ್ಲಿ ದೇಶದಲ್ಲಿ ದುಡಿಯುವವರು ಇದ್ದೇ ಇದ್ದಾರೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಪ್ಪನಿಗೆ ರಾತ್ರಿ ಪಾಳಿ. ಇವನು ಬೆಳಿಗ್ಗೆ ಹತ್ತಕ್ಕೆ ಸೈಬರ್ ಅಂಗಡಿಯಲ್ಲಿ ಕೂತು 'ಸೆಂಡ್ ಒಟಿಪಿ' ಒತ್ತುವ ಹೊತ್ತಿಗೆ ಅವರು ಆಗಷ್ಟೇ ಮಲಗಿರುತ್ತಾರೆ. ವಾಟ್ಸ್‌ಆ್ಯಪ್ ಕರೆ ಮಾಡಿ ಎಬ್ಬಿಸಿ, ಅವರು ಊರಿನ ಸಿಮ್ ಹಾಕಿರುವ ಹಳೆಯ ಫೋನು ಹುಡುಕಿ, ಸಂದೇಶ ಓದಿ ಹೇಳುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಪರದೆಯ ಮೇಲೆ 'ಅವಧಿ ಮೀರಿದೆ' ಎಂದು ಬರುತ್ತದೆ. ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರಂತೂ ಮುಗಿಯಿತು, ಆ ನಂಬರು ಬೇರೆ ಯಾರದೋ ಪಾಲಾಗುತ್ತದೆ. ಮಗನ ಪದವಿಯ ಬೀಗದ ಕೈ ಅಪರಿಚಿತನೊಬ್ಬನ ಜೇಬಿನಲ್ಲಿ.

ಹೊನ್ನಾವರ ಕಡೆ ಕಥೆ ಬೇರೆ. ಕಾಸರಕೋಡಿನ ನನ್ನ ಗೆಳತಿಯ ಅಪ್ಪ ಟ್ರಾಲ್ ಬೋಟಿನಲ್ಲಿ ಹೋಗುತ್ತಾರೆ. ದಡದಿಂದ ಒಂದಷ್ಟು ದೂರ ಹೋಗುವವರೆಗೆ ಫೋನು ಹಿಡಿಯುತ್ತದೆ, ಆಮೇಲೆ ಇಲ್ಲ. ಒಮ್ಮೆ ಹೋದರೆ ವಾರ ಕಳೆದು ಬರುವುದೂ ಉಂಟು. ಅಷ್ಟು ದಿನದ ಒಟಿಪಿಗಳೆಲ್ಲ ಬೋಟು ದಡಕ್ಕೆ ಹತ್ತಿರವಾಗುತ್ತಿದ್ದಂತೆ ಟಿಂಗ್ ಟಿಂಗ್ ಎಂದು ಒಟ್ಟಿಗೆ ಬಂದು ಬೀಳುತ್ತವೆ. ಎಲ್ಲವೂ ಹಳಸಿದವು. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಅಪ್ಪ ಮನೆಯಲ್ಲೇ ಇರುತ್ತಾರೆ. ಆದರೆ ಆ ಎರಡು ತಿಂಗಳಲ್ಲಿ ಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಪ್ಪ ಇದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದಾಗ ಅಪ್ಪ ಇಲ್ಲ.

ಇದು ಹರಟೆಯಲ್ಲಿ ನಕ್ಕು ಬಿಡುವ ವಿಷಯದಂತೆ ಕಾಣಬಹುದು. ಆದರೆ ಕೊನೆಯ ದಿನಾಂಕ ದಾಟಿದರೆ ಆ ವರ್ಷದ ವಿದ್ಯಾರ್ಥಿವೇತನ ಹೋಯಿತು. ಬೋಟಿನಲ್ಲಿ ದುಡಿಯುವವರ ಮನೆಯಲ್ಲಿ ಆ ಹಣ ಎಂದರೆ ಹಾಸ್ಟೆಲ್ಲಿನ ಮೆಸ್ ಬಿಲ್ಲು. ನನಗೇ ಹೋದ ವರ್ಷ ಒಂದು ಪೋರ್ಟಲ್‌ನಲ್ಲಿ ಶುಲ್ಕ ತುಂಬುವಾಗ ಖಾತೆಯಿಂದ ಹಣ ಕಡಿತವಾಗಿ 'ವಿಫಲ' ಎಂದು ಬಂತು. ಹಣ ವಾಪಸಾಗಲು ಹನ್ನೊಂದು ದಿನ ಬೇಕಾಯಿತು, ಕೊನೆಯ ದಿನಾಂಕ ನಾಲ್ಕು ದಿನ ದೂರದಲ್ಲಿತ್ತು. ಮನೆಯಲ್ಲಿ ಎರಡನೆಯ ಸಲ ತುಂಬಲು ಹಣವಿತ್ತು, ತುಂಬಿದೆವು. ಅದಿಲ್ಲದ ಮನೆಯವರು ಏನು ಮಾಡಬೇಕು ಎಂದು ವಿಚಾರಿಸಲು ಆ ಪೋರ್ಟಲ್‌ನಲ್ಲಿ ಇದ್ದದ್ದು ಒಂದು ಇ–ಮೇಲ್ ವಿಳಾಸ.

ಹಾಗಾದರೆ ನಮ್ಮಲ್ಲಿ ವಿಶ್ವವಿದ್ಯಾಲಯದ ಸಹಾಯವಾಣಿ ಯಾರು? ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಣ್ಣ. ಅವರ ಅಂಗಡಿಯ ಫಲಕ ನೋಡಿದರೆ ನಿಮಗೆ ಅರ್ಥವಾಗುತ್ತದೆ. ಪಹಣಿ, ಪಾನ್, ಆಧಾರ್, ಜಾತಿ–ಆದಾಯ, ಎಸ್‌ಎಸ್‌ಪಿ, ಯುಯುಸಿಎಂಎಸ್, ರೈಲು ಟಿಕೆಟ್, ಲ್ಯಾಮಿನೇಶನ್. ಫೋಟೊ ಐವತ್ತು ಕೆಬಿಗಿಂತ ಕಡಿಮೆ ಇರಬೇಕು, ಸಹಿ ಇಪ್ಪತ್ತು ಕೆಬಿ ದಾಟಬಾರದು ಎಂಬಂಥ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಯಾವ ಪೋರ್ಟಲ್ ಮಧ್ಯಾಹ್ನ ನಿಧಾನ, ಯಾವುದು ರಾತ್ರಿ ಒಂಬತ್ತರ ನಂತರ ಓಡುತ್ತದೆ ಎಂಬುದೂ ಗೊತ್ತು. ಅರ್ಜಿಗೆ ಐವತ್ತೋ ನೂರೋ ತೆಗೆದುಕೊಳ್ಳುತ್ತಾರೆ. ಅವರ ಮೇಜಿನ ಕೆಳಗೆ ಉದ್ದನೆಯ ಒಂದು ಲೆಕ್ಕದ ಪುಸ್ತಕವಿದೆ. ಅದರಲ್ಲಿ ಲೆಕ್ಕವಿಲ್ಲ, ಸುತ್ತಲಿನ ಕಾಲೇಜುಗಳ ಮಕ್ಕಳ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ಗಳು ಸಾಲಾಗಿ ಬರೆದಿವೆ. ನೀಲಿ ಇಂಕಿನಲ್ಲಿ ಹೆಸರು, ಕೆಂಪು ಇಂಕಿನಲ್ಲಿ ಪಾಸ್‌ವರ್ಡ್.

ನಮಗೆ ಸೈಬರ್ ಭದ್ರತೆಯ ಪಾಠವಿದೆ. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂಬುದು ಅದರ ಮೊದಲ ಪುಟದ ಮಾತು. ಆ ಪುಸ್ತಕ ನೋಡಿ ನನಗೆ ಎದೆ ಧಸಕ್ಕೆಂದಿತು. "ಅಣ್ಣಾ, ಇದನ್ನು ಹೀಗೆ ಬರೆದಿಡಬಾರದಲ್ಲ" ಎಂದೆ. ಅವರು ತಲೆ ಎತ್ತದೆ, "ತಂಗೀ, ನಾ ಬರೆದಿಟ್ಕೊಳ್ಳದೇ ಇದ್ರೆ ಮುಂದಿನ ಸೆಮಿಸ್ಟರಿಗೆ ಇವ್ರೇ ಬಂದು ನನ್ನ ಪಾಸ್‌ವರ್ಡ್ ಎಂತದು ಅಂತ ನನ್ನ ಹತ್ರನೇ ಕೇಳ್ತಾರೆ. ಮರೆತೋಯ್ತು ಅಂದ್ರೆ ಒಟಿಪಿ ಬೇಕು. ಒಟಿಪಿ ಅಪ್ಪನ ಹತ್ರ. ಅಪ್ಪ ಬೋಟಿನಲ್ಲಿ. ಆಗ ಎಂತಾ ಮಾಡೂದು?" ಎಂದರು. ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಪುಸ್ತಕ ಅಪಾಯಕಾರಿ ಎಂಬ ನನ್ನ ಮಾತು ಈಗಲೂ ಸರಿಯೇ. ಆದರೆ ಅದು ಇಲ್ಲದಿದ್ದರೆ ಎಷ್ಟು ಮಂದಿಯ ಪರೀಕ್ಷೆ ಅರ್ಜಿ ನಿಂತುಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠದಲ್ಲಿ 'ಸ್ಟೋರ್ ಅಂಡ್ ಫಾರ್ವರ್ಡ್' ಎಂಬ ಒಂದು ಕ್ರಮ ಬರುತ್ತದೆ. ಸಂದೇಶ ಬಂದಾಗ ಮುಂದಿನ ದಾರಿ ಖಾಲಿ ಇಲ್ಲದಿದ್ದರೆ ಅದನ್ನು ಇಟ್ಟುಕೊಂಡು, ದಾರಿ ಸಿಕ್ಕಾಗ ಮುಂದೆ ಕಳಿಸುವುದು. ನಮ್ಮೂರಿನ ಪೋಸ್ಟ್ ಆಫೀಸು ಹಿಂದಿನಿಂದಲೂ ಮಾಡುತ್ತಿರುವುದು ಅದನ್ನೇ. ಇದಕ್ಕೆ ಎದುರಾಗಿ ಇನ್ನೊಂದು ಬಗೆಯಿದೆ: ಕಳಿಸುವವನೂ ಪಡೆಯುವವನೂ ಅದೇ ಕ್ಷಣದಲ್ಲಿ ಎದುರುಬದುರು ಇರಲೇಬೇಕು. ಒಟಿಪಿ ಈ ಎರಡನೆಯ ಜಾತಿಯದು. ಅದು ಕಾಯುವುದಿಲ್ಲ. ಈ ಪಾಠ ಕೇಳಿದ ದಿನದಿಂದ ಕಾಲೇಜಿಗೆ ಬರುವ ಪ್ರತಿ ಹೊಸ ತಂತ್ರಜ್ಞಾನವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದು ನಮಗಾಗಿ ಕಾಯುತ್ತದೆಯೇ, ಇಲ್ಲವೇ?

ಹಳೆಯ ಒಂದು ಪ್ರಯೋಗವನ್ನು ಈ ಅಳತೆಗೋಲಿನಲ್ಲಿ ನೋಡಿ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಶಿಕ್ಷಣಕ್ಕೆಂದೇ ಭಾರತ ಕಳಿಸಿದ ಮೊದಲ ಉಪಗ್ರಹ ಅದು. ಅದು ಹಾರುವುದಕ್ಕೂ ಮೊದಲು ಇನ್ಸಾಟ್–3ಬಿ ಉಪಗ್ರಹ ಬಳಸಿ ಮೂರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಪಾಠ ಪ್ರಸಾರ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ನಮ್ಮ ವಿಟಿಯು. ಸ್ಟುಡಿಯೊದಲ್ಲಿ ಒಬ್ಬ ಒಳ್ಳೆಯ ಪ್ರಾಧ್ಯಾಪಕರು ಪಾಠ ಮಾಡಿದರೆ ರಾಜ್ಯದ ಉದ್ದಗಲದ ಕಾಲೇಜುಗಳು ಡಿಶ್ ಮೂಲಕ ಅದನ್ನು ನೋಡುವುದು. ಹಳ್ಳಿ ಕಡೆಯ ಕಾಲೇಜಿಗೂ ಬೆಂಗಳೂರಿನ ಕಾಲೇಜಿಗೂ ಒಂದೇ ಪಾಠ. ಇದಕ್ಕಿಂತ ಒಳ್ಳೆಯ ಆಸೆ ಇನ್ನೇನಿದೆ? ನಾನು ಹುಟ್ಟುವ ಮೊದಲೇ ನಮ್ಮ ವಿಶ್ವವಿದ್ಯಾಲಯ ಇಂಥದಕ್ಕೆ ಕೈ ಹಾಕಿತ್ತು ಎಂದು ತಿಳಿದಾಗ ಹೆಮ್ಮೆಯೇ ಆಯಿತು.

ಆದರೆ ಆ ಪಾಠ ಕಾಯುತ್ತಿರಲಿಲ್ಲ. ಅಲ್ಲಿ ಪಾಠ ಶುರುವಾದಾಗ ಇಲ್ಲಿ ಕ್ಲಾಸು ಖಾಲಿ ಇರಬೇಕು, ಕರೆಂಟು ಇರಬೇಕು, ಡಿಶ್ ನೇರ ಇರಬೇಕು. ಎಜುಸ್ಯಾಟ್ ಬಳಸಿದ ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದೊಡ್ಡ ಹನಿಯ ಮಳೆ ಈ ಅಲೆಗಳನ್ನು ಹೀರಿಕೊಂಡು ಚದುರಿಸಿಬಿಡುತ್ತದೆ. ನಿಮ್ಮ ಮನೆಯ ಡಿಟಿಎಚ್ ಟಿವಿಯಲ್ಲಿ ಜೋರು ಮಳೆ ಬಂದಾಗ 'ಸಿಗ್ನಲ್ ಇಲ್ಲ' ಎಂದು ಬರುವುದಕ್ಕೂ ಇದೇ ಕಾರಣ, ಅದೂ ಇದೇ ಬ್ಯಾಂಡ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಗೆ ಈ ಪಾಠವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಏಳು ವರ್ಷ ಬಾಳಬೇಕಿದ್ದ ಆ ಉಪಗ್ರಹದ ಕೆಲಸ 2010ರಲ್ಲಿ ಮುಗಿಯಿತು.

ಆಫ್ರಿಕಾದಲ್ಲೂ ಇದೇ ಆಗಿದೆ. ವಿಶ್ವಬ್ಯಾಂಕ್ 1997ರಲ್ಲಿ ಆಫ್ರಿಕನ್ ವರ್ಚುವಲ್ ಯೂನಿವರ್ಸಿಟಿ ಶುರುಮಾಡಿದಾಗ ಅಮೆರಿಕ, ಯುರೋಪಿನ ಪ್ರಾಧ್ಯಾಪಕರ ಪಾಠವನ್ನು ಉಪಗ್ರಹದ ಮೂಲಕ ಇಳಿಸುವುದೇ ಯೋಜನೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಅದರ ಕಚೇರಿ ವಾಷಿಂಗ್ಟನ್ ಬಿಟ್ಟು ನೈರೋಬಿಗೆ ಬಂತು, ಪಾಠ ಹೇಳುವ ರೀತಿಯೂ ಬದಲಾಯಿತು. ನನಗೆ ಇದಕ್ಕಿಂತ ಇಷ್ಟವಾದದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಮಾಡಿದ ಇ–ಗ್ರಾನರಿ. ಆಫ್ರಿಕಾದ ಕಾಲೇಜುಗಳಲ್ಲಿ ಇಂಟರ್ನೆಟ್ ದುಬಾರಿ, ನಿಧಾನ. ಹಾಗಿದ್ದರೆ ಇಂಟರ್ನೆಟ್ಟನ್ನೇ ಕೊಂಡೊಯ್ಯೋಣ ಎಂದು ಲಕ್ಷಾಂತರ ಪುಟಗಳನ್ನು, ಪುಸ್ತಕಗಳನ್ನು, ವಿಡಿಯೊಗಳನ್ನು ಅನುಮತಿ ಪಡೆದು ಹಾರ್ಡ್‌ಡಿಸ್ಕಿಗೆ ತುಂಬಿ ಕಳಿಸಿದರು. ಕಾಲೇಜಿನೊಳಗಿನ ನೆಟ್‌ವರ್ಕಿಗೆ ಅದನ್ನು ಜೋಡಿಸಿದರೆ ಸಾಕು. ಗ್ರಾನರಿ ಎಂದರೆ ಕಣಜ. ನಮ್ಮ ಕರ್ನಾಟಕ ಜ್ಞಾನ ಆಯೋಗದ ಕನ್ನಡ ಜ್ಞಾನಕೋಶಕ್ಕೂ 'ಕಣಜ' ಎಂದೇ ಹೆಸರಿಟ್ಟದ್ದು ಕಾಕತಾಳೀಯವೇ ಇರಬಹುದು. ಮಳೆಗಾಲಕ್ಕೆ ಬೇಕಾದದ್ದನ್ನು ಬೇಸಿಗೆಯಲ್ಲೇ ತುಂಬಿಡುವ ಬುದ್ಧಿ ನಮ್ಮ ಅಜ್ಜಿಯರಿಗೂ ಇತ್ತು.

ಈ ಅಳತೆಗೋಲಿನಲ್ಲಿ ಪಾಸಾಗುವ ವ್ಯವಸ್ಥೆಗಳು ನಮ್ಮಲ್ಲೂ ಇವೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. 2017ರಲ್ಲಿ ಬಂದ ಸ್ವಯಂ ವೇದಿಕೆಯಲ್ಲಿ ಇದೇ ಕೋರ್ಸುಗಳು ವಾರವಾರದ ಅಸೈನ್‌ಮೆಂಟಿನೊಂದಿಗೆ ನಡೆಯುತ್ತವೆ. ಅಸೈನ್‌ಮೆಂಟ್ ಸಲ್ಲಿಸಲು ದಿನಗಟ್ಟಲೆ ಸಮಯವಿರುತ್ತದೆ. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ನಾಲ್ಕು ವಾರ ಕರೆಂಟು ಹೋದರೂ ನಡೆಯುತ್ತದೆ! ಇದನ್ನು ರೂಪಿಸಿದವರು ನಮ್ಮ ಜುಲೈ ತಿಂಗಳನ್ನು ಕಂಡಿದ್ದರೋ ಏನೋ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪಾಠ ಪುಕ್ಕಟೆ, ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಗೆ ಸಾವಿರ ರೂಪಾಯಿ. ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನಮ್ಮ ಹಾಸ್ಟೆಲ್ಲಿನವರು ಮಂಗಳೂರು, ಹುಬ್ಬಳ್ಳಿ ಎಂದು ಹಿಂದಿನ ರಾತ್ರಿಯೇ ಹೊರಡುತ್ತಾರೆ. ವಿಟಿಯುನ 2022ರ ಸ್ಕೀಮಿನಲ್ಲಿ ಕೊನೆಯ ವರ್ಷದ ಎರಡು ಐಚ್ಛಿಕ ವಿಷಯಗಳನ್ನು ಆನ್‌ಲೈನ್ ಕೋರ್ಸಾಗಿಯೇ ಮುಗಿಸಬೇಕಾದ್ದರಿಂದ ಇದು ಈಗ ಹವ್ಯಾಸವಾಗಿ ಉಳಿದಿಲ್ಲ, ಪದವಿಯ ಭಾಗವಾಗಿದೆ. ಜೂನಿಯರ್‌ಗಳೇ, ಕೊನೆಯ ವರ್ಷದವರೆಗೆ ಕಾಯಬೇಡಿ. ಎರಡನೆಯ ವರ್ಷದಲ್ಲೇ ಒಂದು ಕೋರ್ಸು ಮಾಡಿ ನೋಡಿ. ಇಂಗ್ಲಿಷ್ ಪಾಠದ ವೇಗಕ್ಕೆ ಕಿವಿ ಹೊಂದಿಕೊಳ್ಳಲು ಒಂದು ಸೆಮಿಸ್ಟರ್ ಬೇಕೇ ಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಮಾತು. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ಲಿನಕ್ಸ್, ಲಿಬ್ರೆಆಫೀಸ್‌ನಂಥವನ್ನು ಹತ್ತು ನಿಮಿಷದ ಸಣ್ಣ ಸಣ್ಣ ಪಾಠಗಳಲ್ಲಿ ಕನ್ನಡ ಧ್ವನಿಯಲ್ಲೇ ಕಲಿಸುತ್ತಾರೆ. ಪರದೆಯ ಒಂದು ಬದಿ ವಿಡಿಯೊ, ಇನ್ನೊಂದು ಬದಿ ನಮ್ಮ ಅಭ್ಯಾಸ. ನಿಲ್ಲಿಸಿ, ಮಾಡಿ ನೋಡಿ, ಮುಂದೆ ಹೋಗುವುದು. ಹೋದ ರಜೆಯಲ್ಲಿ ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಪಿಯುಸಿ ಓದುವ ಇಬ್ಬರು ಹುಡುಗಿಯರಿಗೆ ಇದನ್ನು ಪೆನ್‌ಡ್ರೈವಿನಿಂದ ಹಾಕಿಕೊಟ್ಟೆ. ಮೂರನೆಯ ದಿನ ಅವರು ನನ್ನನ್ನು ಕೇಳುವುದನ್ನೇ ಬಿಟ್ಟಿದ್ದರು. ಕಾಲೇಜಿಗೆ ಸೇರಿದ ಮೇಲೆ ಲ್ಯಾಬಿನಲ್ಲಿ ಮೊದಲ ಸಲ ಕೀಬೋರ್ಡ್ ಮುಟ್ಟುವವರ ಕೈ ಹೇಗೆ ನಡುಗುತ್ತದೆ ಎಂದು ನೋಡಿದವರಿಗೆ ಇದರ ಬೆಲೆ ಗೊತ್ತು. ನಮ್ಮ ಕರಾವಳಿಯ ಸುರತ್ಕಲ್ ಎನ್‌ಐಟಿಕೆ ಕೂಡ ಸೇರಿ ಕಟ್ಟಿರುವ ವರ್ಚುವಲ್ ಲ್ಯಾಬ್ಸ್ ಇನ್ನೊಂದು. ಅದನ್ನು ಪ್ರಯೋಗಾಲಯಕ್ಕೆ ಹೋಗುವ ಹಿಂದಿನ ರಾತ್ರಿ ನೋಡಿಕೊಂಡರೆ ಮರುದಿನ ಉಪಕರಣದ ಎದುರು ಕಣ್ಣು ಕಣ್ಣು ಬಿಡುವುದು ತಪ್ಪುತ್ತದೆ. ಉಪಕರಣಕ್ಕೆ ಬದಲಿ ಅಂದುಕೊಂಡರೆ ಮಾತ್ರ ಮೋಸ. ಸರ್ಕಿಟ್ ಸುಟ್ಟ ವಾಸನೆ ಪರದೆಯಿಂದ ಬರುವುದಿಲ್ಲ.

ನಮ್ಮ ಲ್ಯಾಬಿನ ಒಬ್ಬ ಸರ್ ಮಾಡಿದ ಕೆಲಸ ಇಲ್ಲಿ ಹೇಳಲೇಬೇಕು. ಬಳಕೆ ತಪ್ಪಿದ ಒಂದು ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿ, ಅದರಲ್ಲಿ ನಮ್ಮ ವಿಷಯಗಳ ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ, ಸಾಫ್ಟ್‌ವೇರ್ ಎಲ್ಲ ತುಂಬಿ ಲ್ಯಾಬಿನ ನೆಟ್‌ವರ್ಕಿಗೆ ಜೋಡಿಸಿದ್ದಾರೆ. ಹೊರಗಿನ ಇಂಟರ್ನೆಟ್ ಹೋದರೂ ಅದು ಓಡುತ್ತದೆ. ಶುಕ್ರವಾರ ಊರಿಗೆ ಹೊರಡುವವರೆಲ್ಲ ಪೆನ್‌ಡ್ರೈವ್ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ಇದಕ್ಕೆ ಯಾವ ಯೋಜನೆಯ ಹೆಸರೂ ಇಲ್ಲ, ಉದ್ಘಾಟನೆಯೂ ಆಗಿಲ್ಲ. ಸರ್ಕಾರ 2021ರಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಒಳ್ಳೆಯದೇ. ಆದರೆ ಟ್ಯಾಬ್ಲೆಟ್ ಕೊಡುವಾಗ ಜೊತೆಗೆ ಹೀಗೆ ತುಂಬಿಡುವ ಒಬ್ಬ ಮನುಷ್ಯನನ್ನೂ ಕಾಲೇಜಿಗೆ ಕೊಟ್ಟರೆ ಅದರ ಬೆಲೆ ಹತ್ತು ಪಾಲು ಹೆಚ್ಚುತ್ತದೆ ಎಂಬುದು ನನ್ನ ಲೆಕ್ಕ.

ಕೋವಿಡ್ ಕಾಲ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ನಾವು ಎಸ್ಸೆಸ್ಸೆಲ್ಸಿ ಬರೆದದ್ದು 2021ರ ಜುಲೈ 19 ಮತ್ತು 22ರಂದು, ಎರಡೇ ದಿನ, ಒಎಂಆರ್ ಹಾಳೆಯಲ್ಲಿ. ಅದರ ಹಿಂದಿನ ತಿಂಗಳಷ್ಟೇ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ಎಲ್ಲ ಕಡೆ ಹರಿದಾಡಿತ್ತು. ಎಲ್ಲರೂ ಆ ಅಪ್ಪನನ್ನು ಹೊಗಳಿದರು. ನನಗೆ ಈಗ ಆ ಚಿತ್ರ ನೆನಪಾದರೆ ಬರುವ ಪ್ರಶ್ನೆ ಬೇರೆ. ಆ ಪಾಠವನ್ನು ಅದೇ ಹೊತ್ತಿಗೇ ಕೇಳಬೇಕು ಎಂದು ಯಾಕಿತ್ತು? ರೆಕಾರ್ಡ್ ಮಾಡಿ ಕೊಟ್ಟಿದ್ದರೆ ಮಳೆ ನಿಂತ ಮೇಲೆ, ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡು, ಮನೆಯೊಳಗೆ ಕೂತು ಕೇಳಬಹುದಿತ್ತಲ್ಲ.

ಕೆಲಸ ಹುಡುಕುವ ಹೊತ್ತಿಗೆ ಈ ಕಾಯದ ತಂತ್ರಜ್ಞಾನದ ಕಾಟ ಇನ್ನೂ ಹೆಚ್ಚು. ಕುಮಟಾ ಕಡೆಯ ನಮ್ಮ ಒಬ್ಬ ಸೀನಿಯರ್‌ಗೆ ಒಂದು ಕಂಪನಿಯಿಂದ ಆನ್‌ಲೈನ್ ಪರೀಕ್ಷೆಯ ಲಿಂಕ್ ಬಂತು. ಕ್ಯಾಮೆರಾ ಚಾಲೂ ಇರಬೇಕು, ಪರದೆ ಬಿಟ್ಟು ಕಣ್ಣು ಆಚೀಚೆ ಹೋಗಬಾರದು, ಒಂದೇ ಸಲ ಕೂತು ಮುಗಿಸಬೇಕು. ಮನೆಯಲ್ಲಿ ನೆಟ್‌ವರ್ಕ್ ಸಾಲದೆಂದು ಹೊನ್ನಾವರ ಪೇಟೆಯ ಗೆಳೆಯನ ಮನೆಯಲ್ಲಿ ಕೂತರು. ನಲವತ್ತನೆಯ ನಿಮಿಷಕ್ಕೆ ಕರೆಂಟು ಹೋಯಿತು. ಫೋನಿನ ಹಾಟ್‌ಸ್ಪಾಟ್ ಜೋಡಿಸಿ ಮತ್ತೆ ಒಳಗೆ ಹೋದಾಗ 'ನಿಮ್ಮ ಪರೀಕ್ಷೆ ಮುಗಿದಿದೆ' ಎಂದಿತ್ತು. ಬರೆದ ಇ–ಮೇಲಿಗೆ ಯಂತ್ರದ ಉತ್ತರ ಬಂತು. ಅವರಿಗೆ ಬರುತ್ತಿದ್ದ ವಿಷಯವೇ, ಬುದ್ಧಿಗೆ ಕೊರತೆಯಿರಲಿಲ್ಲ. ಅದಾದ ಮೇಲೆ ನಮ್ಮ ಬ್ಯಾಚಿನವರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾರಿಗೆ ಲಿಂಕ್ ಬಂದರೂ ಕಾಲೇಜಿನ ಜನರೇಟರ್ ಇರುವ ಲ್ಯಾಬಿನಲ್ಲಿ ಕೂರುವುದು, ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನು ಪಕ್ಕದಲ್ಲಿ ತಯಾರಿಡುವುದು, ಲ್ಯಾಪ್‌ಟಾಪಿನ ಬ್ಯಾಟರಿ ಒಂದೂವರೆ ಗಂಟೆಯಾದರೂ ಬರುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸುವುದು. ಕೆಲಸ ಹುಡುಕುತ್ತಿರುವ ನೀವೂ ಇದನ್ನು ಮಾಡಬಹುದು. ಕಾಲೇಜು ಮುಗಿದಿದ್ದರೂ ಪ್ಲೇಸ್‌ಮೆಂಟ್ ವಿಭಾಗದವರನ್ನು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಒಟಿಪಿಗೂ ದಾರಿ ಇಲ್ಲದೇ ಇಲ್ಲ. ಆಧಾರ್‌ಗೆ ನಿಮ್ಮದೇ ನಂಬರು ಸೇರಿಸಿಕೊಳ್ಳಿ. ಇದಕ್ಕೆ ಆಧಾರ್ ಕೇಂದ್ರದಲ್ಲಿ ಸಾಲು ನಿಲ್ಲಲೇಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. 2021ರಿಂದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರು ಬದಲಿಸಿಕೊಡುವ ವ್ಯವಸ್ಥೆಯಿದೆ. ಬೇಕಾದದ್ದು ನಿಮ್ಮ ಬೆರಳಚ್ಚು, ಅಪ್ಪ ಊರಲ್ಲಿ ಇರಬೇಕೆಂದಿಲ್ಲ. ಆದರೆ ಕಾಲೇಜುಗಳು ಒಂದು ಹೆಜ್ಜೆ ಮುಂದೆ ಹೋಗಬೇಕು. ಪ್ರವೇಶದ ವಾರದಲ್ಲೇ ಪೋಸ್ಟ್ ಆಫೀಸಿನವರನ್ನು ಕಾಲೇಜಿಗೆ ಕರೆಸಿ ಹೊಸಬರೆಲ್ಲರ ನಂಬರು ಸರಿಮಾಡಿಸಿದರೆ ಮೂರು–ನಾಲ್ಕು ವರ್ಷದ ಗೋಳು ಒಂದೇ ದಿನದಲ್ಲಿ ತಪ್ಪುತ್ತದೆ. ಪೋರ್ಟಲ್ ನಡೆಸುವವರು ಒಟಿಪಿಯನ್ನು ಕಾಲೇಜಿನ ಇ–ಮೇಲಿಗೂ ಕಳಿಸಬಹುದು. ಕೊನೆಯ ದಿನ ಸರ್ವರ್ ನಿಂತರೆ ತಾನಾಗಿಯೇ ಎರಡು ದಿನ ಮುಂದೂಡುವ ನಿಯಮವನ್ನು ಬರೆದಿಡಬಹುದು. ಇವಕ್ಕೆ ಉಪಗ್ರಹವೇನೂ ಬೇಡ.

ಕಾಸರಕೋಡಿನ ಗೆಳತಿ ಈ ಸಲ ಪೋಸ್ಟ್‌ಮ್ಯಾನ್ ಅಣ್ಣನಿಗೆ ಹೇಳಿಟ್ಟಿದ್ದಳು. ಅವರು ಪತ್ರ ಹಂಚಿ ಮುಗಿಸಿ ಮಧ್ಯಾಹ್ನ ಬಂದರು. ಜಗಲಿಯಲ್ಲಿ ಕೂತು ಬೆರಳಚ್ಚಿನ ಯಂತ್ರ ಜೋಡಿಸಿದರೆ ನೆಟ್‌ವರ್ಕ್ ಇಲ್ಲ. ಅಂಗಳದ ತುದಿಯ ತೆಂಗಿನಮರದ ಬುಡದಲ್ಲಿ ಎರಡು ಗೆರೆ ಸಿಗುತ್ತದೆ ಎಂದು ಅವಳ ಅಮ್ಮ ಹೇಳಿದರು. ಮೂವರೂ ಅಲ್ಲಿಗೇ ಹೋದರು, ಅಮ್ಮ ಕುರ್ಚಿ ತಂದಿಟ್ಟರು. ಮೂರನೆಯ ಪ್ರಯತ್ನಕ್ಕೆ ಬೆರಳಚ್ಚು ಹಿಡಿಯಿತು. ಮುಂದಿನ ವಾರ ಅವಳ ಫೋನಿಗೇ ಮೊದಲ ಒಟಿಪಿ ಬಂತು. ವಿದ್ಯಾರ್ಥಿವೇತನದ ಅರ್ಜಿಯನ್ನು ರಾತ್ರಿ ಹನ್ನೊಂದಕ್ಕೆ ತಾನೇ ಕೂತು ಮುಗಿಸಿದಳು. ಅಪ್ಪನ ಬೋಟು ಅಷ್ಟು ಹೊತ್ತಿಗೆ ಮಲ್ಪೆ ದಾಟಿ ಎಲ್ಲೋ ಇತ್ತು.